ಅನಾರಸದ ಮೇಲಿನ ಗಸಗಸೆ

ಇದು ನಿಜವಾಗಿ ನಡೆದ ಕತೆ. ಶಿಗ್ಗಾವಿ ಬಸ್ ನಿಲ್ದಾಣದ ಎದುರಿಗಿರುವ ನನ್ನ ಅಂಗಡಿಯನ್ನು ಬಲ್ಲವರು ಈ ಮಾತು ಕೇಳಿದರೆ ನಗುತ್ತಾರೆ, ಯಾಕೆಂದರೆ ನನ್ನ ಹೊಟ್ಟೆಪಾಡೇ ಸುಳ್ಳು ದನಿ. ಉಳ್ಳಾಗಡ್ಡಿ ಮಾರುವ ಗಾಡಿಗೆ, ಚುನಾವಣೆಗೆ ನಿಂತವರ ಆಟೋಕ್ಕೆ, ಹೊಸ ಬಟ್ಟೆ ಅಂಗಡಿಯ ಪ್ರಚಾರಕ್ಕೆ ದನಿ ಮುದ್ರಿಸಿ ಕೊಡುತ್ತೇನೆ. ಮುದುಕನ ದನಿ ಬೇಕೆ, ಮದುಮಗಳ ದನಿ ಬೇಕೆ, ಬಂಕಾಪುರದ ನವಿಲಿನ ದನಿ ಬೇಕೆ, ಎಲ್ಲವೂ ಈ ಒಂದೇ ಗಂಟಲಿನಿಂದ. ಬಿ.ಎ. ಕೂಡ ಓದಿದ್ದೇನೆ, ಅದರ ದನಿ ಮಾತ್ರ ಇನ್ನೂ ಯಾರಿಗೂ ಕೇಳಿಸಿಲ್ಲ. ಆದರೆ ಈ ಕತೆಯನ್ನು ಸ್ವಂತ ದನಿಯಲ್ಲಿ ಹೇಳುತ್ತಿದ್ದೇನೆ. ಅನುಮಾನವಿದ್ದರೆ ಹಿರೇಬೆಂಡಿಗೇರಿಗೆ ಹೋಗಿ ಕರೆವ್ವನನ್ನು ಕೇಳಿ. ತಿನ್ನಿಸದೆ ವಾಪಸ್ ಕಳಿಸುವುದಿಲ್ಲ, ಹಸಿದುಕೊಂಡು ಹೋಗಿ.

ಕರೆವ್ವ ನನ್ನ ಗೆಳೆಯ ಮಹಾಂತೇಶನ ತಾಯಿ. ಹಿರೇಬೆಂಡಿಗೇರಿಯಲ್ಲಿ ಯಾರಾದರೂ ಊರು ಬಿಟ್ಟು ಹೊರಟರೆ, ಮಗಳು ಗಂಡನ ಮನೆಗಾಗಲಿ, ಮಗ ಮಿಲಿಟರಿಗಾಗಲಿ, ಬುತ್ತಿಯಲ್ಲಿ ಕರೆವ್ವನ ಅನಾರಸ ಇರಲೇಬೇಕು. ಅಕ್ಕಿ ನೆನೆಹಾಕಿ, ನೆರಳಿಗೆ ಆರಿಸಿ, ಕುಟ್ಟಿ, ಬೆಲ್ಲ ಬೆರೆಸಿ, ಆ ಹಿಟ್ಟನ್ನು ಡಬ್ಬಿಯಲ್ಲಿ ಮಲಗಿಸಿ, ಆಮೇಲೆ ಗಸಗಸೆಯ ಮೇಲೆ ಒತ್ತಿ ತುಪ್ಪದಲ್ಲಿ ಬಿಡುತ್ತಾಳೆ. ಗಸಗಸೆ ಇಲ್ಲದ ಅನಾರಸ ಆಕೆಯ ಪ್ರಕಾರ ಕುಂಕುಮ ಇಲ್ಲದ ಹಣೆ.

ಆ ಗಸಗಸೆಯೇ ಮಹಾಂತೇಶನನ್ನು ಗಡಿಪಾರು ಮಾಡಿಸಿತು.

ಅವನು ಕೊಲ್ಲಿಯ ಒಂದು ದೇಶದಲ್ಲಿ ನೀರಿನ ಟ್ಯಾಂಕರು ಓಡಿಸುತ್ತಿದ್ದ. ರಜೆಗೆ ಬಂದವನು ವಾಪಸ್ ಹೊರಟಾಗ ಕರೆವ್ವ ಎಂದಿನಂತೆ ಬುತ್ತಿ ಕಟ್ಟಿದಳು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದರು. ನಮ್ಮ ಅಡುಗೆಮನೆಯಲ್ಲಿ ಗಸಗಸೆ ಯಾಲಕ್ಕಿಯ ಮಗ್ಗುಲಲ್ಲಿ ಕೂರುವ ಸಭ್ಯ ಪದಾರ್ಥ. ಅದು ಅಫೀಮಿನ ಗಿಡದ ಬೀಜ ಎಂಬುದು ಯಾರಿಗೆ ನೆನಪಿರುತ್ತದೆ? ಆ ದೇಶದವರಿಗೆ ನೆನಪಿತ್ತು. ಅಲ್ಲಿ ಅದು ನಿಷಿದ್ಧ. ಅನಾರಸವನ್ನು ಬಿಳಿ ತಟ್ಟೆಯ ಮೇಲೆ ಕೊಡವಿ ಉದುರಿದ ಕಾಳನ್ನು ಚೀಟಿ ಅಂಟಿಸಿದ ಲಕೋಟೆಗೆ ಹಾಕಿದರು. ಮಹಾಂತೇಶನನ್ನು ಒಂದು ಕೋಣೆಗೆ ಹಾಕಿದರು.

ಕೋಣೆಯಲ್ಲಿ ಬೇರೆ ಬೇರೆ ಕಾರಣಕ್ಕೆ ಸಿಕ್ಕಿಬಿದ್ದವರಿದ್ದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಗಡ್ಡದ ಮನುಷ್ಯ, ಇವನು "ಯವ್ವಾ" ಎಂದು ಉಸಿರು ಬಿಟ್ಟದ್ದನ್ನು ಕೇಳಿ, "ಯಾವ ಊರೋ ತಮ್ಮಾ?" ಎಂದನಂತೆ. ಅವರೇ ಸವಣೂರಿನ ಹುಸೇನಸಾಬರು. ಸಂಬಳ ಕೊಡದ ಯಜಮಾನನನ್ನು ಬಿಟ್ಟು ಬೇರೆ ಕಡೆ ದುಡಿದದ್ದಕ್ಕೆ ಸಿಕ್ಕಿಬಿದ್ದವರು. ಇಬ್ಬರ ಬೆರಳಚ್ಚು ತೆಗೆದುಕೊಂಡು, ಮತ್ತೆ ಇತ್ತ ಕಾಲಿಡಬಾರದೆಂದು ಪಾಸ್‌ಪೋರ್ಟಿಗೆ ಸಿಕ್ಕಾ ಹೊಡೆದು, ಒಂದೇ ವಿಮಾನಕ್ಕೆ ಹತ್ತಿಸಿದರು.

ಮಹಾಂತೇಶ ಬಂಕಾಪುರ ಕ್ರಾಸಿನಲ್ಲಿ ಬಸ್ಸಿಳಿದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಮನೆಯಲ್ಲಿ "ಕಂಪನಿ ಬಂದ್ ಆತವಾ" ಎಂದ. ನಿಜ ಹೇಳಿದ್ದು ನನ್ನೊಬ್ಬನಿಗೆ.

"ಅವ್ವಗ ತಿಳೀಬಾರದು ನೋಡ ಫಕ್ಕೀರ," ಎಂದ. "ತಿಳೀತಂದ್ರ ಆಕಿ ಮತ್ತ ಆ ಬಾಣಲಿ ಒಲಿ ಮ್ಯಾಲೆ ಇಡಂಗಿಲ್ಲ. ನನ್ನ ನೌಕರಿ ಹೋದ್ರ ಹೋಗವಲ್ದ್ಯಾಕ, ಆಕಿ ಕೈ ಹೋಗಬಾರದು."

"ಊರಾಗ ನೀ ಏನರ ಕದ್ದು ಬಂದಿ ಅನ್ನಾಕತ್ತಾರಲೇ."

"ಅನ್ನಲಿ ಬಿಡು. ಗಸಗಸಿ ಅನ್ನೋದಕ್ಕಿಂತ ಕಳ್ಳ ಅನ್ನೋದು ಚಲೋ."

ಅವನನ್ನು ನಗಿಸಲು ನಾನು ಕಂಡಕ್ಟರ್ ಆದೆ, ತಹಶೀಲ್ದಾರ ಆದೆ, ನವಿಲಾಗಿ ಕುರ್ಚಿಯ ಮೇಲೆ ಹತ್ತಿ ಕೂಗಿದೆ. ಅಂಗಡಿಯ ಮುಂದೆ ಜನ ಸೇರಿತು. ಇವನ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಸಾಲದ್ದಕ್ಕೆ ಕರೆವ್ವ ಆ ವರ್ಷದ ಹಬ್ಬಕ್ಕೂ ಅನಾರಸ ಮಾಡಲಿಲ್ಲ. ಮೊಣಕಾಲು ನೋವು ಎಂದಳು. ಮಗ ನಂಬಿದ. ನಾನೂ ನಂಬಿದೆ.

ಅವನನ್ನು ಎಬ್ಬಿಸಿದ್ದು ಉಳವಪ್ಪ ಸಾವಕಾರರು. ಅವರ ಬಳಿ ಗೋವಿನಜೋಳ, ನಮ್ಮ ಬಾಯಲ್ಲಿ ಗೋಂಜಾಳ, ಒಕ್ಕುವ ಯಂತ್ರವಿತ್ತು. ನಡೆಸುವವನು ಮದುವೆಯಾಗಿ ಹೆಂಡತಿಯ ಊರಿಗೆ ಹೋಗಿದ್ದ.

"ಉಸುಕಿನ ದೇಶದಾಗ ನೀರಿನ ಗಾಡಿ ಹೊಡದಾಂವ, ನಮ್ಮ ಹೊಲದಾಗ ಮಶೀನ್ ಹೊಡೀತಿಯೇನಪಾ?"

"ಹೊಡೀತೇನ್ರಿ."

"ಇದು ಡೀಸೆಲ್ ಕುಡ್ಯಂಗಿಲ್ಲ, ನಿನ್ನ ರಕ್ತಾನ ಕುಡೀತೈತಿ."

"ಅದೊಂದು ಉಳದೈತ್ರಿ, ಕುಡೀಲಿ."

ಹೀಗೆ ಶುರುವಾಯಿತು. ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು, ಬೆಳೆ ಎಲ್ಲಿ ಒಣಗಿತೋ ಅಲ್ಲಿಗೆ ಹೋಗುವುದು. ಸವಣೂರಿನ ಎರೆಹೊಲ, ಹಾನಗಲ್ಲಿನ ಕೆರೆಯಂಚು, ಹಿರೇಕೆರೂರಿನ ಕೆಂಪು ದಿಬ್ಬಗಳು. ಒಂದೂರಲ್ಲಿ ಯಂತ್ರಕ್ಕೆ ಕಾಯಿ ಒಡೆಯದೆ ಮುಟ್ಟಗೊಡುವುದಿಲ್ಲ, ಇನ್ನೊಂದೂರಲ್ಲಿ ಉಣ್ಣದೆ ಹೊರಡಗೊಡುವುದಿಲ್ಲ. ಮಹಾಂತೇಶ ತೆನೆಯಿಂದ ಒಂದು ಕಾಳು ಕಿತ್ತು ಹಲ್ಲಿನಲ್ಲಿ ಕಚ್ಚಿ, "ಇನ್ನಷ್ಟ ಬಿಸಲ ಬೇಕ್ರಿ, ಈಗ ಹಾಕಿದ್ರ ಕಾಳ ಒಡೀತಾವು" ಎಂದು ಬಂದ ಕೆಲಸವನ್ನೇ ಮುಂದೆ ಹಾಕಿಬಿಡುತ್ತಿದ್ದ. ಅದಕ್ಕೇ ಜನ ಅವನನ್ನೇ ಕರೆಯತೊಡಗಿದರು. ಮರುವರ್ಷ ಸಾವಕಾರರು ಹೊಲದೊಳಗೇ ನಡೆದುಕೊಂಡು ಕೊಯ್ದು ಒಕ್ಕುವ ದೊಡ್ಡ ಯಂತ್ರ ತಂದರು. ಅದನ್ನು ಹತ್ತಿದಾಗ ಮಹಾಂತೇಶನ ಬೆನ್ನು ನೆಟ್ಟಗಾದದ್ದನ್ನು ನಾನು ಹಿರೇಕೆರೂರಿನ ಒಂದು ಬದುವಿನ ಮೇಲೆ ನಿಂತು ಕಂಡೆ. ಮುಖ ಮಾತ್ರ ಹಾಗೇ ಇತ್ತು, ಬಂದ್ ಆದ ಕಂಪನಿಯ ಗೇಟಿನ ಹಾಗೆ.

ಸವಣೂರಿನ ಕಡೆಗೆ ಹೋದಾಗಲೆಲ್ಲ ಅವನು ಹುಸೇನಸಾಬರ ಅಂಗಡಿಯಲ್ಲಿ ಇಳಿಯುತ್ತಿದ್ದ. ಹುಸೇನಸಾಬರು ಬಂದ ಮೇಲೆ ಅಲ್ಲಿ ಸೇವಿನ ಖಾರಾ ಕರಿದು ಮಾರುವ ಅಂಗಡಿ ಹಾಕಿದ್ದರು. ಪರದೇಶದಿಂದ ದಬ್ಬಿಸಿಕೊಂಡು ಬಂದವರೆಲ್ಲ ಅಲ್ಲಿ ಸೇರುತ್ತಿದ್ದರು. ಹೊರದೇಶದ ಖಾರ ತಿಂದವರು ಒಳದೇಶದ ಖಾರಾ ತಿನ್ನಲು. ಸುಮ್ಮನೆ ಕೂತವರು ಯಾರೂ ಇರಲಿಲ್ಲ. ಒಬ್ಬ ಗೋವಾದ ಹೋಟೆಲಿಗೆ ಹೋದ, ಒಬ್ಬ ಪುಣೆಯ ಗೋದಾಮಿಗೆ, ಒಬ್ಬ ಮಂಗಳೂರಿನ ದೋಣಿಗೆ.

"ನೀವು ಹೋಗಂಗಿಲ್ಲೇನ್ರಿ ಚಾಚಾ?" ಎಂದು ಒಮ್ಮೆ ನಾನೇ ಕೇಳಿದೆ.

"ಖಾರಾಕ್ಕ ವೀಸಾ ಬ್ಯಾಡ ನೋಡಪಾ," ಎಂದರು. "ಆದ್ರ ಈ ಮಾಂತ್ಯಾ ಹೋಗಬೇಕು. ಇಂವನ ಕಾಲು ಇನ್ನಾ ಬಿಸಿ ಅದಾವು."

ಸುದ್ದಿ ತಂದವರೂ ಅವರೇ. ಖಾರಾದ ಪೊಟ್ಟಣ ಕಟ್ಟುತ್ತ ಹೇಳಿದರು: "ರುಮೇನಿಯಾ ಅಂತ ದೇಶ. ನನ್ನ ಷಡ್ಡಕನ ಮಗಾ ಅದಾನ ಅಲ್ಲಿ. ಕಣ್ಣು ಹಾಯೂವಷ್ಟು ಗೋಂಜಾಳಂತ. ದೊಡ್ಡ ಮಶೀನ್ ನಡಸಾವ್ರು ಬೇಕಾಗ್ಯಾರ. ಎಲ್ಲಾ ಕಾಯ್ದೆಶೀರ ಐತಿ, ವಿಚಾರಿಸೇನಿ."

ಮಹಾಂತೇಶ ತಲೆ ತಗ್ಗಿಸಿದ. "ನನ್ನ ಪಾಸ್‌ಪೋರ್ಟಿನ್ಯಾಗ ಸಿಕ್ಕಾ ಬಿದ್ದೈತಲ್ರಿ ಚಾಚಾ."

"ಅದು ಅವರ ಮನಿ ಬಾಗಲಾ. ಲೋಕಕ್ಕೆಲ್ಲಾ ಒಂದ ಬಾಗಲಾ ಐತೇನ? ಕೇಳಿದ್ರ ಇದ್ದದ್ದು ಇದ್ದಂಗ ಹೇಳು."

ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದ. ಅವನು ಯಂತ್ರ ನಡೆಸುವುದನ್ನು ನಾನು ಹಿರೇಕೆರೂರಿನ ಹೊಲದಲ್ಲಿ ಚಿತ್ರ ತೆಗೆದು ಕಳಿಸಿದೆ. ಆಮೇಲೆ ನನ್ನ ಅಂಗಡಿಯಲ್ಲೇ ಕಂಪ್ಯೂಟರಿನ ಮುಂದೆ ಕೂರಿಸಿ ಸಂದರ್ಶನ ಮಾಡಿಸಿದೆ. ಪರದೆಯ ಆಚೆಗೆ ಕನ್ನಡಕದ ಒಬ್ಬ ಹೆಣ್ಣುಮಗಳು. ಯಾಕೆ ಗಡಿಪಾರಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇವನು ತನ್ನ ಟ್ಯಾಂಕರ್ ಇಂಗ್ಲಿಷಿನಲ್ಲಿ ಅನಾರಸದ ಕತೆ ಹೇಳಿದ. ಆಕೆ ಮಗ್ಗುಲಲ್ಲಿದ್ದವನಿಗೆ ಏನೋ ಹೇಳಿದಳು. ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

"ಹೋತು ಬಿಡು," ಎಂದ ಮಹಾಂತೇಶ. "ನಕ್ಕರಂದ್ರ ಮುಗೀತು."

ಮುಗಿಯಲಿಲ್ಲ. ಕೆಲಸ ಸಿಕ್ಕಿತು, ವೀಸಾ ಬಂತು. ಉಳವಪ್ಪ ಸಾವಕಾರರು, "ರುಮೇನಿಯಾದಾಗ ಎಲ್ಲಾರೂ ರುಮಾಲ ಸುತ್ತತಾರೇನ?" ಎಂದು ತಮ್ಮದೊಂದು ಹೊಸ ರುಮಾಲನ್ನೇ ಕೊಟ್ಟು ಹರಸಿದರು.

ಹೊರಡುವ ವಾರ ಮಹಾಂತೇಶ ಅಂಗಡಿಗೆ ಓಡಿಬಂದ. ಬೆವೆತಿದ್ದ.

"ಅವ್ವ ಅಕ್ಕಿ ನೆನಿ ಇಟ್ಟಾಳ!"

ಅವನ ವಿಮಾನ ನಡುವೆ ಕೊಲ್ಲಿಯ ಇನ್ನೊಂದು ಊರಿನಲ್ಲಿ ಇಳಿದು ಬದಲಾಗಬೇಕಿತ್ತು. ಬೆರಳಚ್ಚು ಕೊಟ್ಟುಬಂದ ಸೀಮೆಯ ಮಗ್ಗುಲಿಗೇ ಮತ್ತೆ ಗಸಗಸೆ ಹೊತ್ತುಕೊಂಡು!

"ಹಾಕಬ್ಯಾಡಂತ ಹೇಳಿಬಿಡಲೇ."

"ಯಾಕಂತ ಕೇಳ್ತಾಳ. ಹೋದ ಸಲಾನೂ ಹಾಕಿದ್ನಲ್ಲಾ ಅಂತಾಳ. ನನ್ನ ಮಾರಿ ನೋಡಿದ್ರ ಸಾಕು, ಎಲ್ಲಾ ತಿಳದಬಿಡ್ತೈತಿ ಆಕಿಗೆ."

"ದಾರ್ಯಾಗ ಒಗದಬಿಡು."

ಅವನು ನನ್ನನ್ನು ನೋಡಿದ ನೋಟಕ್ಕೆ ನಾನು ಆ ಮಾತನ್ನು ವಾಪಸ್ ನುಂಗಿದೆ. ತಾಯಿ ಕಟ್ಟಿದ ಬುತ್ತಿಯನ್ನು ಎಸೆಯುವವರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

"ಹಂಗಾರ ನನ್ನ ಗಂಟಲಾ ಎದಕ್ಕೈತಿ?" ಎಂದೆ.

ಕರೆವ್ವನಿಗೆ ಒಂದು ಕರೆ. ಅಂಗಡಿಯ ಇನ್ನೊಂದು ಫೋನಿನಿಂದ ಹಚ್ಚಿದೆ. ಬೆಂಗಳೂರಿನ ಅಧಿಕಾರಿಯ ದನಿ ಆರಿಸಿಕೊಂಡೆ: ಮೂಗಿನಲ್ಲಿ ತುಸು ನೆಗಡಿ, ಮಾತಿನಲ್ಲಿ ತುಸು ಬೇಸರ.

"ಹಲೋ. ಕರೆವ್ವ ಅವರಾ? ವಿಮಾನ ನಿಲ್ದಾಣದ ಸಾಮಾನು ತಪಾಸಣೆ ವಿಭಾಗದಿಂದ ಮಾತಾಡ್ತಾ ಇದೀನಿ ಮೇಡಂ."

"ಇಮಾನದಾವ್ರಾ! ತಡೀರಿ ಸಾಹೇಬ್ರ, ಒಲಿ ಸಣ್ಣ ಮಾಡಿ ಬರ್ತೇನಿ." ಪಾತ್ರೆಯ ಸದ್ದು. "ಹೂಂ, ಹೇಳ್ರಿ."

"ನಿಮ್ಮ ಮಗ ಪ್ರಯಾಣ ಮಾಡ್ತಿದಾರಲ್ಲ, ಒಂದು ಹೊಸ ನಿಯಮ ಬಂದಿದೆ. ತಿಂಡಿಗೆ ಗಸಗಸೆ ಹಾಕೋ ಹಾಗಿಲ್ಲ."

"ಹೊಸಾದೇನ್ರಿ?"

"ಈ ತಿಂಗಳಿಂದ ಮೇಡಂ. ಮೊದಲು ಇರಲಿಲ್ಲ. ಮೊದಲು ಯಾರು ಎಷ್ಟು ಬೇಕಾದ್ರೂ ಒಯ್ಯಬಹುದಿತ್ತು."

ಆ ಕಡೆ ಸೌಟು ಕೆಳಗಿಟ್ಟ ಸದ್ದಾಯಿತು.

"ಹೌದೇನ್ರಿ," ಎಂದಳು ಕರೆವ್ವ. "ಹೇಳಿದ್ದು ಚಲೋ ಆತು. ಶೇಂಗಾ ಚಟ್ನಿ ನಡೀತೈತೇನ್ರಿ?"

"ನಡೆಯುತ್ತೆ."

"ಕಟಿ ರೊಟ್ಟಿ?"

"ಧಾರಾಳವಾಗಿ."

ಅಷ್ಟರಲ್ಲಿ ಅಂಗಡಿಯ ಹೊರಗೆ ಹತ್ತಿರದ ಹಳ್ಳಿಗೆ ಹೊರಟ ಬಸ್ಸಿನ ಕಂಡಕ್ಟರನ ಸೀಟಿ, ಅದರ ಹಿಂದೆಯೇ ಅವನ ಗಂಟಲು: "ದುಂಡಸಿ, ದುಂಡಸಿ, ದುಂಡಸೀ!"

"ಸಾಹೇಬ್ರ, ಇಮಾನ ನಿಲ್ದಾಣಕ್ಕ ದುಂಡಸಿ ಬಸ್ಸೂ ಬರ್ತೈತೇನ್ರಿ?"

ಮಹಾಂತೇಶ ಟವೆಲನ್ನು ಬಾಯಿಗೆ ತುರುಕಿಕೊಂಡ. ನಾನು ನೆಗಡಿ ಹೆಚ್ಚಿಸಿಕೊಂಡೆ. "ಎಲ್ಲಾ ಊರಿನ ಸೌಕರ್ಯ ಇದೆ ಮೇಡಂ ಇಲ್ಲಿ."

"ಬಾಳ ಸುಧಾರಸೇತಿ ಬಿಡ್ರಿ. ಊಟ ಆತೇನ್ರಿ ಸಾಹೇಬ್ರ?"

"ಆಯ್ತು ಮೇಡಂ."

"ಆರಾಮ ಇರ್ರಿ. ನೆಗಡಿಗೆ ಸುಂಠಿ ಕಷಾಯ ಕುಡೀರಿ."

ಫೋನಿಟ್ಟು ನಾನು ಗೆದ್ದ ಪೈಲ್ವಾನನ ಹಾಗೆ ತೊಡೆ ತಟ್ಟಿದೆ.

ಹೊರಡುವ ದಿನ ಬಂಕಾಪುರ ಕ್ರಾಸಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದೆವು. ಕರೆವ್ವನೂ ಬಂದಿದ್ದಳು. "ದಾರಿಗೆ ಬಾಳಿಹಣ್ಣ ತರ್ತೇನಿ, ಚೀಲಾ ನೋಡ್ಕೋರಿ" ಎಂದು ರಸ್ತೆ ದಾಟಿ ಅಂಗಡಿಗೆ ಹೋದಳು. ಆಕೆ ಅತ್ತ ಹೋಗುತ್ತಲೇ ಮಹಾಂತೇಶ, "ಒಮ್ಮೆ ನೋಡೇ ಬಿಡೂಣು" ಎಂದು ಬುತ್ತಿಯ ಡಬ್ಬಿಯ ಮುಚ್ಚಳ ತೆಗೆದ.

ಅನಾರಸಗಳು ಕೆಂಪಗೆ, ಗುಂಡಗೆ ಇದ್ದವು. ಪ್ರತಿಯೊಂದರ ಮೇಲೂ ಬಿಳಿಯ ಸಣ್ಣ ಕಾಳು ಒತ್ತೊತ್ತಾಗಿ ಕೂತಿದ್ದವು.

"ಹಾಕ್ಯಾಳಲೋ ಯಪ್ಪಾ!"

"ಕೆರಿ, ಲಗೂ ಕೆರಿ!" ಎಂದೆ ನಾನು.

ಟವೆಲು ಹಾಸಿ ಇಬ್ಬರೂ ಕುಕ್ಕರಗಾಲಲ್ಲಿ ಕೂತೆವು. ಅವನು ಉಗುರಿನಿಂದ, ನಾನು ಕಿಸೆಯಲ್ಲಿದ್ದ ಬಾಚಣಿಕೆಯಿಂದ, ಗಸಗಸ ಗಸಗಸ ಕೆರೆಯತೊಡಗಿದೆವು. ಬಸ್ಸು ಕಾಯುವವರು ಹುಚ್ಚರನ್ನು ನೋಡುವ ಹಾಗೆ ನೋಡುತ್ತಿದ್ದರು. ಒಂದು ಅನಾರಸ ಮುರಿಯಿತು.

ಆಗ ನಮ್ಮ ಬೆನ್ನ ಹಿಂದೆ ನನ್ನದೇ ದನಿ ಕೇಳಿಸಿತು. ಅದೇ ಮೂಗು, ಅದೇ ನೆಗಡಿ, ಅದೇ ಬೇಸರ.

"ಹಲೋ. ಇಮಾನದ ಸಾಮಾನ ತಪಾಸಣಿಯಿಂದ ಮಾತಾಡ್ತಾ ಇದೀನಿ ಮೇಡಂ. ದುಂಡಸಿ ಇಮಾನ ಬಂತು, ಹತ್ರಿ, ಹತ್ರಿ!"

ತಿರುಗಿದರೆ ಕರೆವ್ವ. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದನ್ನು ಫೋನಿನಂತೆ ಕಿವಿಗೆ ಹಿಡಿದಿದ್ದಳು. ಇಷ್ಟು ವರ್ಷ ಊರನ್ನೆಲ್ಲ ಅಣಕಿಸಿದವನು ನಾನು; ನನ್ನನ್ನು ಅಣಕಿಸಿದವರು ಅಂದಿನವರೆಗೆ ಯಾರೂ ಇರಲಿಲ್ಲ.

"ಅದು ರಾಜಗಿರಿ ಐತೋ, ಮಂಗ್ಯಾಗೋಳ್ರ್ಯಾ," ಎಂದಳು. "ತಿಂದ ನೋಡ್ರಿ. ನೀ ಬಾಚಣಿಕಿ ಕಿಸೇದಾಗಿಡು ಸಾಹೇಬ."

ತಿಂದು ನೋಡಿದೆವು. ರಾಜಗಿರಿಯೇ, ಅಂದರೆ ದಂಟಿನ ಬೀಜ. ನೋಡಲು ಗಸಗಸೆಯ ತಂಗಿಯ ಹಾಗಿದ್ದರೂ ಉಪವಾಸಕ್ಕೂ ನಡೆಯುವ ಸಾಧು ಕಾಳು.

"ನಿನಗ ಯಾವಾಗ ತಿಳೀತವಾ?" ಮಹಾಂತೇಶ ಕೂತಲ್ಲಿಂದಲೇ ಕೇಳಿದ.

"ನೀ ಬಂದ ವರ್ಷಾನ. ಸವಣೂರಿಗೆ ವೀಳ್ಯದೆಲಿ ತರಾಕ ಹೋಗಿದ್ದೆ. ಹುಸೇನಸಾಬರು ಸಿಕ್ರು, ಮಹಾಂತೇಶನ ಅವ್ವ ಅಂತ ಗುರುತು ಹೇಳಿದೆ. ನನಗ ಗೊತ್ತೈತಿ ಅಂತ ತಿಳದು, ಗಸಗಸಿ ಸಲುವಾಗಿ ಮನಸ್ಸಿಗೆ ಹಚ್ಕೋಬ್ಯಾಡ ಯವ್ವಾ ಅಂದ್ರು. ನಾನೂ ಗೊತ್ತಿದ್ದಾವ್ರಂಗ ತಲಿ ಅಳ್ಳಾಡಿಸಿದೆ. ಬಸ್ಸಿನ್ಯಾಗ ಕುಂತು ಅತ್ತೆ."

"ಮತ್ತ ಒಂದ ಮಾತು ಕೇಳಬಾರದ?"

"ಹೆಂಗ ಕೇಳ್ಲಿ? ಅಷ್ಟ ದೊಡ್ಡ ಕಂಪನಿ ನನ್ನ ಸಲುವಾಗಿ ಬಂದ್ ಮಾಡಿಬಿಟ್ಟಿದ್ದಿ. ತಗೀ ಅಂದ್ರ ನಿನಗ ಕೆಟ್ಟ ಅನಸ್ತೈತಿ ಅಂತ ಸುಮ್ಮನಿದ್ದೆ." ಸೆರಗಿನಿಂದ ಮೂಗೊರೆಸಿಕೊಂಡಳು. "ಮೊಣಕಾಲೇನೂ ನೂಯಿಸ್ತಿದ್ದಿಲ್ಲ. ಆ ಡಬ್ಬಿ ಮುಟ್ಟಾಕ ಮನಸಾಗ್ತಿದ್ದಿಲ್ಲ. ಗಸಗಸಿ ಡಬ್ಬಿ ಅವತ್ತಿಂದ ನಾಗಂದಿಗಿ ಮ್ಯಾಲ ಹೋಗೇತಿ. ಇನ್ನ ಅದರ ಮಾತ ಬ್ಯಾಡ. ಏಳು, ಬಸ್ ಬಂತು."

ಮಹಾಂತೇಶ ಎದ್ದು ಮುರಿದ ಅನಾರಸವನ್ನು ಬಾಯಿಗೆ ಹಾಕಿಕೊಂಡು ತಾಯಿಯ ಕಾಲಿಗೆ ಬಿದ್ದ. ತುಂಬಿದ ಬಾಯಲ್ಲಿ ಏನೋ ಹೇಳಿದ, ನನಗೆ ತಿಳಿಯಲಿಲ್ಲ, ಆಕೆಗೆ ತಿಳಿಯಿತು. ಬಸ್ಸು ಹೋದ ಮೇಲೆ ಕರೆವ್ವ ಟವೆಲಿನ ಮೇಲಿದ್ದ ರಾಜಗಿರಿಯನ್ನು ಗುಬ್ಬಿಗಳಿಗೆ ಕೊಡವಿದಳು. ನಗಲಿಲ್ಲ. ಮಗನ ಮುಖದ ಗೇಟು ತೆರೆದಿತ್ತು, ತಾಯಿಯ ಡಬ್ಬಿ ಮಾತ್ರ ಇನ್ನೂ ಮೇಲೆಯೇ ಇತ್ತು.

ಅದು ಕೆಳಗೆ ಇಳಿದದ್ದು ಹೇಗೆಂದು ಹೇಳಿ ಮುಗಿಸುತ್ತೇನೆ.

ಒಂದು ಭಾನುವಾರ ನಾನು ಹಿರೇಬೆಂಡಿಗೇರಿಗೆ ಹೋಗಿದ್ದೆ. ಮಹಾಂತೇಶನ ವಿಡಿಯೋ ಕರೆ ಬಂತು. ಅವನ ಅತ್ತಿಗೆ ಶೈಲಶ್ರೀ ಫೋನು ಹಿಡಿದಳು, ಕರೆವ್ವ ಹಾಗೂ ನಾನು ಎರಡೂ ಕಡೆಯಿಂದ ಇಣುಕಿದೆವು. ಅವನು ತಲೆಗೆ ಸಾವಕಾರರ ರುಮಾಲು ಸುತ್ತಿಕೊಂಡು ಯಾವುದೋ ಪೇಟೆಯಲ್ಲಿ ನಿಂತಿದ್ದ. ಹೊಲದ ಉದ್ದಗಲವನ್ನು, ಅಲ್ಲಿಯವರೂ ಗೋಂಜಾಳದ ನುಚ್ಚನ್ನು ಗಟ್ಟಿಯಾಗಿ ಮುದ್ದೆ ಮಾಡಿ ಉಣ್ಣುವುದನ್ನು ಹೇಳಿದ. ಆಮೇಲೆ ಕೈಯಲ್ಲಿದ್ದ ಒಂದು ವಸ್ತುವನ್ನು ಎತ್ತಿ ಹಿಡಿದ.

"ಅವ್ವಾ, ಇದೇನ ಹೇಳು."

"ದೊಡ್ಡ ಬಳಿ ಇದ್ದಂಗ ಐತಿ. ರೊಟ್ಟಿ ಏನೋ? ಮ್ಯಾಲೇನದು ಕರ್ರಗ, ಎಳ್ಳ?"

"ಗಸಗಸಿ. ಇಲ್ಲೆ ಕರೀ ಗಸಗಸಿ ಇರ್ತಾವು."

ಕರೆವ್ವನ ಕೈ ಎದೆಗೆ ಹೋಯಿತು. "ಒಗಿಯೋ! ಒಗಿ ಅದನ್ನ! ಹಿಂದ ಪೊಲೀಸ ನಿಂತಾನ ನೋಡೋ!"

ನಿಜ, ಹಿಂದೆ ಸಮವಸ್ತ್ರದ ಆಳೊಬ್ಬ, ಬಾಗಿಲಿನಷ್ಟು ಅಗಲ, ಸೊಂಟದಲ್ಲಿ ಪಿಸ್ತೂಲು, ಇತ್ತಲೇ ಬರುತ್ತಿದ್ದ. ಮಹಾಂತೇಶ ತಿರುಗಿ ನೋಡಿ, ಮುಖ ಬಿಳುಚಿಸಿಕೊಂಡು, ರೊಟ್ಟಿ ಹಿಡಿದ ಕೈಯನ್ನೂ ಸೇರಿಸಿ ಎರಡೂ ಕೈ ಮೇಲೆತ್ತಿದ. "ಯವ್ವಾ, ಸಿಕ್ಕೊಂಡೆ!" ಎಂದು ಚೀರಿದ.

"ಸಾಹೇಬ್ರ, ಬಿಡ್ರಿ ಅಂವನ್ನ!" ಕರೆವ್ವ ಫೋನಿಗೆ ಕೈಮುಗಿದಳು. "ಅಂವಗ ತಿಳೀದ್ರಿ, ನಾನ ಹಾಕೇನ್ರಿ, ತಪ್ಪ ನಂದ್ರಿ!"

ಪೊಲೀಸನು ಮಹಾಂತೇಶನನ್ನು ದಾಟಿ ಮುಂದಿನ ರೊಟ್ಟಿ ಅಂಗಡಿಯ ಕಿಟಕಿಗೆ ಹೋದ. ಅಂಥವೇ ಎರಡು ರೊಟ್ಟಿ ಕೊಂಡ. ಒಂದನ್ನು ಕಚ್ಚಿದ. ಅವನ ದಪ್ಪ ಮೀಸೆಯ ತುಂಬ ಗಸಗಸೆ ಅಂಟಿತು. ಕೈ ಮೇಲೆತ್ತಿ ನಿಂತ ರುಮಾಲಿನವನನ್ನು ಒಮ್ಮೆ ವಿಚಿತ್ರವಾಗಿ ನೋಡಿ, ತಿನ್ನುತ್ತ ಹೋದ.

"ಪ್ಯಾಟಿ ತುಂಬಾ ಇದನ್ನ ಮಾರ್ತಾರವ್ವಾ," ಮಹಾಂತೇಶ ಕೈ ಇಳಿಸಿ ಕಣ್ಣು ಹೊಡೆದ. "ಹಬ್ಬಕ್ಕ ಇವರ ಸಿಹಿ ರೊಟ್ಟಿ ಒಳಗೂ ತುಂಬತಾರ. ಸಂದರ್ಶನದಾಗ ಆ ಹೆಣ್ಣಮಗಳು ಯಾಕ ನಕ್ಕಳಂತ ಇಲ್ಲಿಗೆ ಬಂದ ಮ್ಯಾಲ ತಿಳೀತು."

ಮೊದಲು ನಕ್ಕವಳು ಶೈಲಶ್ರೀ. ಫೋನು ಅಲುಗಾಡಿ ರುಮೇನಿಯಾ ಎಲ್ಲ ಓರೆಯಾಯಿತು. ಆಮೇಲೆ ಆ ತುದಿಯಲ್ಲಿ ಮಹಾಂತೇಶ, ಕೊಲ್ಲಿಯಿಂದ ಬಂದ ಮೇಲೆ ನಾನು ಕೇಳದೇ ಇದ್ದ ನಗೆ. ನಾನಂತೂ ಕಂಬ ಹಿಡಿದುಕೊಂಡೆ.

ಕರೆವ್ವ ಮಾತ್ರ ಮುಗಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದಳು. "ಪೊಲೀಸನ ಮೀಸ್ಯಾಗ…" ಎಂದಳು. "ಪೊಲೀಸನ ಮೀಸ್ಯಾಗ ಗಸಗಸಿ!" ಮತ್ತೊಮ್ಮೆ ಹೇಳಲು ಹೋದಳು, ಆಗಲಿಲ್ಲ. ನಗು ಆಕೆಯನ್ನು ನೆಲಕ್ಕೆ ಕೂರಿಸಿತು. ಕೂತಲ್ಲಿಂದಲೇ ಕೈ ಎತ್ತಿ ನಾಗಂದಿಗೆಯ ಮೇಲಿದ್ದ ಡಬ್ಬಿಯನ್ನು ಸೊಸೆಗೆ ತೋರಿಸಿದಳು. ಶೈಲಶ್ರೀ ಅದನ್ನು ಇಳಿಸಿ ಕೊಡುವಷ್ಟರಲ್ಲಿ ಪಕ್ಕದ ಮನೆಯವರು ಏನಾಯಿತೋ ಎಂದು ಓಡಿಬಂದಿದ್ದರು. ಯಾರಿಗೂ ಏನೂ ಹೇಳಲಾಗದೆ, ಡಬ್ಬಿಯನ್ನು ಮಡಿಲಲ್ಲಿ ಅವುಚಿಕೊಂಡು, ನಮ್ಮೆಲ್ಲರ ನಗೆಯನ್ನೂ ಮುಳುಗಿಸಿ ಕರೆವ್ವ ನಗುತ್ತಲೇ ಇದ್ದಳು.